ಸೆಮಿಸ್ಟರ್ ನಡುವೆಯೇ ಪಾಠವನ್ನು ಅಳೆಯುವುದು ಹೇಗೆ?

ಕಾಲೇಜಿನಲ್ಲಿ ಮೌಲ್ಯಮಾಪನ ಎಂದೊಡನೆ ಎಲ್ಲರಿಗೂ ನೆನಪಾಗುವುದು ಉತ್ತರ ಪತ್ರಿಕೆ ತಿದ್ದುವ ಕೆಲಸ. ಪಾಠದ ಮೌಲ್ಯಮಾಪನವೇ ಬೇರೆ: ಇನ್ನೊಬ್ಬರ ತರಗತಿಯಲ್ಲಿ ಕೂತು, ಆ ಪಾಠ ಮಕ್ಕಳಿಗೆ ಎಷ್ಟು ತಲುಪುತ್ತಿದೆ ಎಂದು ನೋಡಿ ಅವರಿಗೇ ತಿಳಿಸುವುದು. ದಾವಣಗೆರೆ, ಚಿತ್ರದುರ್ಗದ ಪದವಿ ಕಾಲೇಜುಗಳಲ್ಲಿ ಈ ಕೆಲಸದಲ್ಲೇ ನೆಲೆಯೂರಬೇಕೆನ್ನುವ ಉಪನ್ಯಾಸಕರು ಒಂದೇ ತರಗತಿಯಿಂದ, ಮೊದಲ ಇಂಟರ್ನಲ್ ಪರೀಕ್ಷೆ ಮುಗಿದ ವಾರದಲ್ಲಿ ಶುರು ಮಾಡಬೇಕು. ಸೆಮಿಸ್ಟರ್ ಕೊನೆಯ ಫೀಡ್‌ಬ್ಯಾಕ್ ಫಾರಂನಿಂದ ಅದನ್ನು ತುಂಬಿದ ಮಕ್ಕಳಿಗೇ ಏನೂ ದಕ್ಕುವುದಿಲ್ಲ.

ಪಾಠ ಮಾಡುವವರ ಜೊತೆ ಮೊದಲು 20 ನಿಮಿಷ ಕೂತು, ಅವರಿಗೆ ಏನು ತಿಳಿಯಬೇಕಿದೆ ಎಂದು ಕೇಳಿ. ಟಿಪ್ಪಣಿ ಅವರ ಕೈಗೆ ಮಾತ್ರ ಹೋಗುತ್ತದೆ, ಪ್ರಾಂಶುಪಾಲರಿಗಾಗಲಿ ಬಡ್ತಿ ಫೈಲಿಗಾಗಲಿ ಅಲ್ಲ ಎಂದು ಮಾತು ಕೊಡಿ. ಈ ಮಾತು ಒಮ್ಮೆ ತಪ್ಪಿದರೆ ಆ ಕಾಲೇಜಿನಲ್ಲಿ ಯಾರೂ ನಿಮ್ಮನ್ನು ತರಗತಿಗೆ ಕರೆಯುವುದಿಲ್ಲ.

ವೀಕ್ಷಣೆಗೆ ಹಿಂದಿನ ಬೆಂಚು ಸಾಕು. ಹಾಳೆಯಲ್ಲಿ 2 ನಿಮಿಷಕ್ಕೊಂದು ಸಾಲು ಎಳೆದುಕೊಳ್ಳಿ. 2013ರಲ್ಲಿ ಪ್ರಕಟವಾದ ಕೋಪಸ್ ಎಂಬ ತರಗತಿ ವೀಕ್ಷಣೆಯ ವಿಧಾನವೂ ಹೀಗೆಯೇ. ಉಪನ್ಯಾಸ, ಬೋರ್ಡು, ಪ್ರಶ್ನೆ, ಮಕ್ಕಳ ಉತ್ತರ, ಗುಂಪು ಕೆಲಸ: ನಡೆದದ್ದಕ್ಕೆ ಗುರುತು ಹಾಕಿ, ಚೆನ್ನಾಗಿದೆ ಕೆಟ್ಟದ್ದು ಎಂದು ಬರೆಯಬೇಡಿ. "ಅರ್ಥ ಆಯ್ತಾ?" ಎಂಬುದನ್ನು ಪ್ರಶ್ನೆಯ ಲೆಕ್ಕಕ್ಕೆ ಸೇರಿಸದೆ ಬೇರೆ ಎಣಿಸಿ. ಇಡೀ ತರಗತಿ "ಹೂಂ ಮೇಡಂ" ಎನ್ನುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ನಿಜವಾದ ಪ್ರಶ್ನೆ ಕೇಳಿದಾಗ ಎಷ್ಟು ಸೆಕೆಂಡು ಕಾದರು ಎಂಬುದನ್ನೂ ಬರೆದುಕೊಳ್ಳಿ. ಬಹುಪಾಲು ಶಿಕ್ಷಕರು ಒಂದು ಸೆಕೆಂಡಿಗೇ ತಾವೇ ಮಾತು ಮುಂದುವರಿಸಿಬಿಡುತ್ತಾರೆ. 3 ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ.

ಇನ್ನೊಂದು ದಿನ ಕೊನೆಯ 25 ನಿಮಿಷ ಉಪನ್ಯಾಸಕರು ಹೊರಗೆ ಹೋಗಲಿ. ನಾಲ್ಕೈದು ಜನರ ಗುಂಪು ಮಾಡಿ, ಮೂರೇ ಪ್ರಶ್ನೆ ಕೊಡಿ: ಕಲಿಯಲು ಯಾವುದು ನೆರವಾಗುತ್ತಿದೆ, ಯಾವುದು ಅಡ್ಡ ಬರುತ್ತಿದೆ, ಏನು ಬದಲಾಗಬೇಕು. 8 ನಿಮಿಷದ ನಂತರ ಎಲ್ಲವನ್ನೂ ಬೋರ್ಡಿಗೆ ಬರೆದು, ಎಷ್ಟು ಜನ ಒಪ್ಪುತ್ತಾರೆಂದು ಕೈ ಎತ್ತಿಸಿ. ಹೆಸರು ಬೇಡ. ಕನ್ನಡದಲ್ಲೇ ಬರೆಯಲಿ. ಜಗಳೂರು, ಚಳ್ಳಕೆರೆ ಕಡೆಯಿಂದ ಕನ್ನಡ ಮಾಧ್ಯಮ ಓದಿ ಬಂದವರು ಇಂಗ್ಲಿಷಿನಲ್ಲಾದರೆ "ಗುಡ್ ಟೀಚಿಂಗ್" ಎಂದಷ್ಟೇ ಬರೆಯುತ್ತಾರೆ; ಕನ್ನಡದಲ್ಲಾದರೆ "ಪಿಪಿಟಿ ಬೇಗ ಬೇಗ ತಿರುಗಿಸ್ತಾರೆ, ಬರ್ಕೊಳ್ಳೋಕಾಗಲ್ಲ" ಎಂದು ಬರುತ್ತದೆ. ಮೊದಲ ಪೀರಿಯಡ್ಡಿಗೆ ಬಸ್ಸು ತಡ, ಕೊನೆಯದರಲ್ಲಿ ಬಸ್ಸಿನ ಚಿಂತೆ. ಎರಡನೆಯದೋ ಮೂರನೆಯದೋ ಆರಿಸಿಕೊಳ್ಳಿ.

ಫೀಡ್‌ಬ್ಯಾಕ್ ಫಾರಂನಲ್ಲಿ ಮಕ್ಕಳು ಪಾಠಕ್ಕೆ ಕೊಡುವ ಅಂಕದ ಸರಾಸರಿಯನ್ನು ನಂಬಬೇಡಿ. ಅರ್ಧ ಜನ 5, ಅರ್ಧ ಜನ 1 ಕೊಟ್ಟರೂ ಸರಾಸರಿ 3 ಬರುತ್ತದೆ. ಮೆಚ್ಚುಗೆಯೇ ಕಲಿಕೆಯೂ ಅಲ್ಲ. ಕಲಿಕೆ ತಿಳಿಯಲು ಇಂಟರ್ನಲ್ ಪ್ರಶ್ನೆಗಳನ್ನು ನೋಡಬೇಕು. 60 ಜನರಲ್ಲಿ ಹೆಚ್ಚು ಅಂಕದ 16, ಕಡಿಮೆ ಅಂಕದ 16 ಪತ್ರಿಕೆ ತೆಗೆಯಿರಿ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 14, ಕೆಳಗಿನವರಲ್ಲಿ 6 ಜನ ಸರಿ ಬರೆದಿದ್ದರೆ, ವ್ಯತ್ಯಾಸ 8ನ್ನು 16ರಿಂದ ಭಾಗಿಸಿ: 0.5, ಅಂದರೆ ಕಲಿತವರನ್ನೂ ಕಲಿಯದವರನ್ನೂ ಬೇರ್ಪಡಿಸುವ ಒಳ್ಳೆಯ ಪ್ರಶ್ನೆ. 0.2ಕ್ಕಿಂತ ಕಡಿಮೆಯಾದರೆ ಪ್ರಶ್ನೆಯನ್ನೇ ಮತ್ತೊಮ್ಮೆ ಓದಿ. ಸೊನ್ನೆಗಿಂತ ಕೆಳಗಿಳಿದರೆ ಕೀ ಉತ್ತರವೇ ತಪ್ಪಿರಬಹುದು.

ವೃತ್ತಿಯ ಮಾತಿಗೆ ಬಂದರೆ, ಕಾಲೇಜಿನ ಐಕ್ಯೂಎಸಿಯೇ (ಆಂತರಿಕ ಗುಣಮಟ್ಟ ಖಾತರಿ ಕೋಶ) ಬಾಗಿಲು. ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್ ಕೂಡ ಬೋಧನೆ, ಕಲಿಕೆ, ಮೌಲ್ಯಮಾಪನವನ್ನು ನೋಡುತ್ತದೆ. ಒಂದೇ ವಿಷಯದ ಎರಡು ಸೆಮಿಸ್ಟರ್ ದತ್ತಾಂಶ, ಉಪನ್ಯಾಸಕರ ಮತ್ತು ವಿದ್ಯಾರ್ಥಿಗಳ ಲಿಖಿತ ಒಪ್ಪಿಗೆಯೊಂದಿಗೆ ಇದ್ದರೆ ಪಿಎಚ್‌ಡಿ ಪ್ರಸ್ತಾವಕ್ಕೆ ಗಟ್ಟಿ ನೆಲ ಸಿಕ್ಕಂತೆ.

ಮೂರು ದಿನದೊಳಗೆ ಫಲಿತಾಂಶ ಉಪನ್ಯಾಸಕರಿಗೆ ತಲುಪಬೇಕು. ಬದಲಾವಣೆ ಒಂದೆರಡೇ ಇರಲಿ. ಮುಂದಿನ ತರಗತಿಯಲ್ಲಿ ಅವರೇ ನಿಂತು ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ, ಏಕೆ ಎಂದು ಹೇಳಬೇಕು. ಹೇಳದಿದ್ದರೆ ಮುಂದಿನ ಸಲ ಹಾಳೆಗಳು ಖಾಲಿ ಬರುತ್ತವೆ.