ನಾಲ್ಕನೇ ಇಂಜೆಕ್ಟರ್ ತಡವಾಗಿ ತೆರೆಯುತ್ತಿತ್ತು

ಪೆರ್ಲದ ಕಡೆಯ ಅಡಿಕೆ ಕೃಷಿಕರೊಬ್ಬರು ತಮ್ಮ ಪೆಟ್ರೋಲ್ ಕಾರನ್ನು ಬದಿಯಡ್ಕದ ನನ್ನ ವರ್ಕ್‌ಶಾಪಿಗೆ ತಂದರು. ಮಳೆಗಾಲವಿಡೀ ಕಾರು ಶೆಡ್ಡಿನಲ್ಲೇ ನಿಂತಿತ್ತಂತೆ. "ಓಡುವಾಗ ಎಂತ ತೊಂದರೆಯೂ ಇಲ್ಲ ಮಾರಾಯ. ನಿಲ್ಲಿಸಿದರೆ ನಡುಗುತ್ತದೆ. ಹೆಡ್‌ಲೈಟ್, ಎಸಿ ಹಾಕಿದರೆ ಇನ್ನೂ ಜಾಸ್ತಿ" ಎಂದರು. ಬೇರೆ ಕಡೆ ಪ್ಲಗ್ ಬದಲಾಯಿಸಿ, ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಕ್ಲೀನ್ ಮಾಡಿ, ನಾಲ್ಕೂ ಸಮ ಇದೆ ಎಂದು ಹೇಳಿ ಕಳಿಸಿದ್ದರು.

"ಒಂದು ದಿನ ಬಿಟ್ಟು ಹೋಗಿ ಮಾವ, ನೋಡುತ್ತೇನೆ" ಎಂದೆ.

ಮೊದಲು ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನೇ ಆಫ್ ಆಗುವವರೆಗೆ ಓಡಿಸಿದೆ. ಪೈಪಿನ ಒತ್ತಡ ಇಳಿಯದೆ ನಾನು ಇಂಜೆಕ್ಟರಿಗೆ ಕೈ ಹಾಕುವುದಿಲ್ಲ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮಿದರೆ ಬೆಂಕಿಯೇ. ನಾಲ್ಕನ್ನೂ ಬಿಚ್ಚಿ ಮೀಟರ್ ಹಿಡಿದೆ. 12.7ರಿಂದ 13 ಓಮ್. ಒಳಗಿನ ತಂತಿ ಸುರುಳಿಗಳು, ಅಂದರೆ ಕಾಯಿಲ್‌ಗಳು ಸರಿ ಇದ್ದವು.

ಪೆಟ್ರೋಲ್ ಅಳೆಯುವ ಟೆಸ್ಟ್ ಬೆಂಚಿಗೆ ಹಾಕಿ, 3 ಬಾರ್ ಒತ್ತಡದಲ್ಲಿ 15 ಸೆಕೆಂಡ್ ಪೂರ್ತಿ ತೆರೆದಿಟ್ಟೆ. 38, 38, 37, 38 ಮಿಲಿ. ನಿಜವಾಗಿಯೂ ಸಮ! ಇಲ್ಲಿಗೇ ನಿಲ್ಲಿಸಿದ್ದರೆ ನಾನೂ ಕಾರು ವಾಪಸ್ ಕೊಡುತ್ತಿದ್ದೆ.

ಆದರೆ ಐಡ್ಲಿಂಗ್‌ನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ಓಡುವಾಗ, ಇಂಜೆಕ್ಟರ್ ಹೀಗೆ ತೆರೆದೇ ಇರುವುದಿಲ್ಲ ಅಲ್ವಾ? ಪ್ರತಿ ಸಲ ಸಿಗುವುದು ಎರಡೂವರೆ ಮಿಲಿಸೆಕೆಂಡ್ ಕರೆಂಟ್. ಕಾಯಿಲಿಗೆ ಕರೆಂಟ್ ಏರಿ, ಆಯಸ್ಕಾಂತವಾಗಿ, ಸ್ಪ್ರಿಂಗ್ ಮೀರಿ, ರಂಧ್ರ ಮುಚ್ಚಿರುವ ಸೂಜಿಯನ್ನು ಎತ್ತುವುದರೊಳಗೆ ಸುಮಾರು ಒಂದು ಮಿಲಿಸೆಕೆಂಡ್ ಹೋಗಿಬಿಡುತ್ತದೆ. ಪೆಟ್ರೋಲ್ ಬರುವುದು ಉಳಿದ ಒಂದೂವರೆಯಲ್ಲಿ. ಒಂದು ಸೂಜಿ 0.3 ಮಿಲಿಸೆಕೆಂಡ್ ತಡ ಮಾಡಿದರೂ ಐದರಲ್ಲಿ ಒಂದು ಪಾಲು ಪೆಟ್ರೋಲ್ ಖೋತಾ. ವೇಗದಲ್ಲಿ 10 ಮಿಲಿಸೆಕೆಂಡ್ ಸಿಗುವಾಗ ಅದೇ ತಡ ಗೊತ್ತೇ ಆಗುವುದಿಲ್ಲ.

ಹಾಗಾಗಿ 14 ವೋಲ್ಟ್ ಇಟ್ಟು, 2.5 ಮಿಲಿಸೆಕೆಂಡಿನ 4000 ಪಲ್ಸ್, ಅಂದರೆ ಕರೆಂಟಿನ ಬಡಿತ ಕೊಟ್ಟೆ. ಮೂರು ಕೊಳವೆಗಳಲ್ಲಿ 15 ಮಿಲಿ, ನಾಲ್ಕನೆಯದರಲ್ಲಿ 12. ವೋಲ್ಟೇಜನ್ನು 12ಕ್ಕೆ ಇಳಿಸಿದೆ. ಮೂರು 13ಕ್ಕೆ ಬಂದವು, ನಾಲ್ಕನೆಯದು 9ಕ್ಕೆ ಬಿತ್ತು. ಲೈಟ್ ಹಾಕಿದಾಗ ನಡುಕ ಯಾಕೆ ಜಾಸ್ತಿ ಎಂಬುದು ಕಣ್ಣೆದುರೇ ಇತ್ತು. ವೋಲ್ಟೇಜ್ ಇಳಿದರೆ ಕಾಯಿಲ್ ಇನ್ನೂ ನಿಧಾನ. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಅದಕ್ಕೆಂದು ಪಲ್ಸ್ ಉದ್ದ ಮಾಡುತ್ತದೆ ನಿಜ, ಆದರೆ ಅದರ ಲೆಕ್ಕ ಸರಿ ಇರುವ ಇಂಜೆಕ್ಟರಿನದು. ನಿಂತ ಪೆಟ್ರೋಲಿನ ಅಂಟು ಹಿಡಿದ ಸೂಜಿಯ ವಿಷಯ ಅದಕ್ಕೆ ತಿಳಿಯದು.

ಶಬ್ದದ ಅಲೆಗಳಿಂದ ಕೊಳೆ ಬಿಡಿಸುವ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ಸುಮ್ನೆ ಮುಳುಗಿಸಿಟ್ಟರೆ ಸಾಲದು. ಪಲ್ಸ್ ಕೊಡುತ್ತಲೇ ಇರಬೇಕು, ಸೂಜಿ ಅಲ್ಲಾಡಬೇಕು. 20 ನಿಮಿಷದ ನಂತರ 14 ವೋಲ್ಟಿನಲ್ಲಿ 13 ಮಿಲಿ. ಜಾಲರಿ ತೆಗೆದು, ಹಿಂದುಮುಂದಾಗಿ ತೊಳೆದು ಮತ್ತೊಮ್ಮೆ ಹಾಕಿದೆ. 14.5 ಬಂತು. ಶೇಕಡ 5ರ ಒಳಗಿದ್ದರೆ ನಾನು ಒಪ್ಪುತ್ತೇನೆ. ಪಲ್ಸ್ ನಿಲ್ಲಿಸಿ, ಒತ್ತಡ ಮಾತ್ರ ಇಟ್ಟು ಒಂದು ನಿಮಿಷ ನೋಡಿದೆ. ಒಂದು ಹನಿಯೂ ಇಳಿಯಲಿಲ್ಲ.

ಹೊಸ ಓ-ರಿಂಗಿಗೆ ಎಣ್ಣೆ ಸವರಿ ಜೋಡಿಸಿದೆ. ಬಿಚ್ಚುವ ಮೊದಲು ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ತಾನಾಗಿ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುವ ಶೇಕಡ, ಪ್ಲಸ್ 7 ಇತ್ತು. ಒಂದು ಸಿಲಿಂಡರಿಗೆ ಕಡಿಮೆ ಬಿದ್ದದ್ದಕ್ಕೆ ಇಸಿಯು ನಾಲ್ಕಕ್ಕೂ ಜಾಸ್ತಿ ಸುರಿಯುತ್ತಿತ್ತು. ಇಸಿಯು ಕಲಿತಿಟ್ಟ ಈ ಹಳೆಯ ಲೆಕ್ಕ ಅಳಿಸಿ, ಎಂಜಿನ್ ಬಿಸಿಯಾಗಲು ಬಿಟ್ಟೆ. ಪ್ಲಸ್ 2ಕ್ಕೆ ಬಂದು ನಿಂತಿತು.

ಸಂಜೆ ಮಾವ ಬಂದಾಗ ಹೆಡ್‌ಲೈಟ್, ಎಸಿ ಎರಡನ್ನೂ ಹಾಕಿಸಿದೆ. ಅವರು ಬಾನೆಟ್ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೇ ನಿಂತರು.