ಅಸ್ಥಿಮಜ್ಜೆ ಕಸಿಯ ನಂತರ: ಮನೆಗೆ ಬಂದವರನ್ನು ಸೋಂಕಿನಿಂದ ಕಾಯುವುದು ಹೇಗೆ?

ಅಸ್ಥಿಮಜ್ಜೆ ಕಸಿಯಾಗಿ ಐದಾರು ವಾರ ಕಳೆದ ಮೇಲೆ ಬರುವ ರಕ್ತಪರೀಕ್ಷೆಯ ವರದಿಯಲ್ಲಿ ಬಿಳಿ ರಕ್ತಕಣಗಳ ಸಂಖ್ಯೆ ನಾಲ್ಕು ಸಾವಿರ ದಾಟಿದ್ದನ್ನು ಕಂಡರೆ ಮನೆಮಂದಿಗೆಲ್ಲ ಹೋದ ಜೀವ ಬಂದಂತಾಗುತ್ತದೆ. ಮಾಸ್ಕ್ ಮೂಲೆ ಸೇರುತ್ತದೆ, ಹೊತ್ತ ಹರಕೆ ತೀರಿಸಲು ದಿನ ಗೊತ್ತಾಗುತ್ತದೆ, ನೋಡಲು ಬರುವ ನೆಂಟರ ಸಂಖ್ಯೆಯೂ ಹೆಚ್ಚುತ್ತದೆ. ಆ ಸಂತೋಷ ಸಹಜವೇ ಆದರೂ ವರದಿ ಹೇಳುತ್ತಿರುವುದು ಕಣಗಳ ಎಣಿಕೆಯನ್ನು ಮಾತ್ರ. ಒಂದೊಂದು ರೋಗಾಣುವನ್ನೂ ಗುರುತು ಹಿಡಿದು ಎದುರಿಸುವ ಶಕ್ತಿ ಮರಳಲು ಸಾಮಾನ್ಯವಾಗಿ ಒಂದರಿಂದ ಎರಡು ವರ್ಷ, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ ಬೇಕು.

ಭಾರತದಲ್ಲಿ ಮೊದಲ ಅಸ್ಥಿಮಜ್ಜೆ ಕಸಿ ನಡೆದದ್ದು 1983ರಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ಈಗ ಬೆಂಗಳೂರಿನಲ್ಲೇ ಹಲವು ಕಸಿ ಕೇಂದ್ರಗಳಿದ್ದು, ರಕ್ತದ ಕ್ಯಾನ್ಸರ್, ಥಲಸ್ಸೇಮಿಯಾ, ಅಪ್ಲಾಸ್ಟಿಕ್ ಅನೀಮಿಯಾದಂಥ ಕಾಯಿಲೆಗಳಿಗೆ ಕಸಿ ಮಾಡಿಸಿಕೊಂಡವರು ದೂರದ ಜಿಲ್ಲೆಗಳಲ್ಲಿರುವ ತಮ್ಮ ಮನೆಗೆ ಮರಳುತ್ತಾರೆ. ಎಚ್ಚರದ ಬಹುಪಾಲು ದಿನಗಳು ಹೀಗೆ ಆಸ್ಪತ್ರೆಯ ಹೊರಗೇ ಕಳೆಯುವುದರಿಂದ ಮುಂದಿನ ಹಂತಗಳನ್ನು ಮನೆಯವರೇ ಅರಿತಿರಬೇಕಾಗುತ್ತದೆ.

ಮೊದಲ ಹೆಜ್ಜೆ: ದಿನ ಎಣಿಸಿ

ಕಸಿಗೆ ಮುಂಚೆ ಕಿಮೊಥೆರಪಿ, ಕೆಲವೊಮ್ಮೆ ವಿಕಿರಣವನ್ನೂ ಕೊಟ್ಟು ಹಳೆಯ ಮಜ್ಜೆಯನ್ನು ಬರಿದು ಮಾಡಿ, ಬಳಿಕ ಹೊಸ ರಕ್ತಕಣಗಳನ್ನು ಹುಟ್ಟಿಸುವ ಆಕರಕೋಶಗಳನ್ನು (ಸ್ಟೆಮ್ ಸೆಲ್) ರಕ್ತ ಏರಿಸುವಂತೆಯೇ ನಾಳದ ಮೂಲಕ ಹನಿಸುತ್ತಾರೆ. ಆ ದಿನವೇ ಸೊನ್ನೆಯ ದಿನ. ಒಂದು ನೋಟ್‌ಬುಕ್ಕಿನಲ್ಲಿ ಆ ದಿನಾಂಕ, ಕೋಶಗಳು ರೋಗಿಯವೇ ಅಥವಾ ದಾನಿಯವೇ ಎಂಬುದು, ಪ್ರತಿ ಔಷಧದ ಹೆಸರು ಮತ್ತು ಅದನ್ನು ಎಂದಿನವರೆಗೆ ತೆಗೆದುಕೊಳ್ಳಬೇಕು ಎಂಬುದನ್ನು ಬರೆದಿಡಿ. ಯಾವ ರೋಗಾಣುವಿನ ಭಯ ಯಾವಾಗ ಹೆಚ್ಚು ಎಂಬುದು ಈ ಎಣಿಕೆಯನ್ನೇ ಅವಲಂಬಿಸಿರುವುದರಿಂದ, ತುರ್ತಿನಲ್ಲಿ ಊರಿನ ವೈದ್ಯರ ಬಳಿ ಓಡಿದಾಗ ಅವರಿಗೆ ಮೊದಲು ಬೇಕಾಗುವುದು ಈ ಪುಟವೇ.

ಮೊದಲ ತಿಂಗಳು

ಈ ಅವಧಿಯ ಬಹುಭಾಗ ಆಸ್ಪತ್ರೆಯಲ್ಲೇ ಕಳೆಯುತ್ತದೆ. ಬಾಯಿ ಮತ್ತು ಕರುಳಿನ ಒಳಪದರ ಹುಣ್ಣಾಗಿರುವುದರಿಂದ ರೋಗಿಯ ಕರುಳಲ್ಲೇ ಇರುವ ಬ್ಯಾಕ್ಟೀರಿಯಾಗಳು ರಕ್ತಕ್ಕಿಳಿಯುತ್ತವೆ. ಔಷಧ ಕೊಡಲು ಎದೆಯ ದೊಡ್ಡ ರಕ್ತನಾಳಕ್ಕೆ ಹಾಕಿರುವ ಸೆಂಟ್ರಲ್ ಲೈನ್ ಎಂಬ ಕೊಳವೆ ಕೂಡ ಅವಕ್ಕೆ ದಾರಿಯಾಗುತ್ತದೆ. ಬ್ಯಾಕ್ಟೀರಿಯಾಗಳನ್ನು ಎದುರಿಸುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಸತತ ಮೂರು ದಿನ ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಹೆಚ್ಚಿದ್ದರೆ ಕಸಿ ಹಿಡಿಯಿತು ಎನ್ನುತ್ತಾರೆ. ಸ್ವಂತ ಕೋಶಗಳಾದರೆ ಇದಕ್ಕೆ ಸುಮಾರು 10ರಿಂದ 14 ದಿನ, ದಾನಿಯ ಕೋಶಗಳಾದರೆ ಎರಡರಿಂದ ಮೂರು ವಾರ ಬೇಕಾಗಬಹುದು. ಹೊಕ್ಕುಳಬಳ್ಳಿಯ ರಕ್ತದ ಕಸಿಯಲ್ಲಿ ಇನ್ನೂ ತಡ.

ಮನೆಗೆ ಬರುವ ಮುನ್ನ

ಗೋಡೆಗೆ ಸುಣ್ಣ ಬಳಿಯುವುದು, ಹಂಚು ಬದಲಿಸುವುದು, ಹಳೆಯ ಪೆಟ್ಟಿಗೆ ಕೊಡವುವುದು ಏನಿದ್ದರೂ ರೋಗಿ ಬರುವುದಕ್ಕೆ ಸಾಕಷ್ಟು ಮೊದಲೇ ಮುಗಿಯಬೇಕು. ಬಂದ ಮೇಲೆ ಬೇಡ. ಧೂಳಿನಲ್ಲಿ, ಒದ್ದೆ ಗೋಡೆಯಲ್ಲಿ, ಹುಲ್ಲಿನ ಬಣವೆಯಲ್ಲಿ, ಗೊಬ್ಬರದ ಗುಂಡಿಯಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಕಣಗಳಿರುತ್ತವೆ. ನಮ್ಮ ನಿಮ್ಮ ಶ್ವಾಸಕೋಶ ಅದನ್ನು ದಿನವೂ ಸದ್ದಿಲ್ಲದೆ ನಿವಾರಿಸಿಕೊಳ್ಳುತ್ತದೆ, ಕಸಿಯಾದವರಲ್ಲಿ ಅದೇ ಕಣ ಶ್ವಾಸಕೋಶದಲ್ಲಿ ಬೇರೂರಿ ಪ್ರಾಣಕ್ಕೇ ಎರವಾಗಬಲ್ಲದು. ಮಳೆಗಾಲದ ಮಲೆನಾಡಿನ ಮನೆಗಳಲ್ಲಿ ಇದಕ್ಕೆ ವಿಶೇಷ ಗಮನ ಬೇಕು. ರೋಗಿಯ ಕೋಣೆಯಲ್ಲಿ ಹೂಕುಂಡ ಬೇಡ. ಕೊಟ್ಟಿಗೆ ಗುಡಿಸುವ, ತೋಟದ ಮಣ್ಣು ಅಗೆಯುವ ಕೆಲಸ ಅವರಿಗೆ ಬೇಡವೇ ಬೇಡ.

ಊಟದ ವಿಷಯದಲ್ಲಿ ಮನೆಯವರು ಅತಿಯಾಗಿ ಹೆದರಿ ರೋಗಿಯನ್ನು ಗಂಜಿಗೆ ಕಟ್ಟಿಹಾಕುವುದನ್ನು ಕಂಡು ನನಗೆ ನೋವಾಗುತ್ತದೆ. ಚೇತರಿಸಿಕೊಳ್ಳುವ ದೇಹಕ್ಕೆ ಪುಷ್ಟಿಯ ಊಟವೇ ಬೇಕು. ಬಿಸಿಯಾಗಿ ಬೇಯಿಸಿದ್ದನ್ನು ಬಿಸಿಯಿರುವಾಗಲೇ ಬಡಿಸಿ. ಕುದಿಸಿ ಆರಿಸಿದ ನೀರನ್ನೇ ಕೊಡಿ. ಹಸಿ ಮೊಳಕೆಕಾಳು, ಕೋಸಂಬರಿ, ಕಾಯಿಸದ ಹಾಲು, ಅರೆಬೆಂದ ಮೊಟ್ಟೆ, ರಸ್ತೆಬದಿಯ ಪಾನಿಪೂರಿ, ಕತ್ತರಿಸಿಟ್ಟ ಹಣ್ಣು, ದೇವಸ್ಥಾನದ ತೀರ್ಥ ಇವನ್ನು ವೈದ್ಯರು ಅನುಮತಿ ಕೊಡುವವರೆಗೆ ದೂರವಿಡಿ. ಮನೆಯಲ್ಲಿ ಹೆಪ್ಪು ಹಾಕಿದ ಮೊಸರಿನ ಬಗ್ಗೆ ಒಂದೊಂದು ಕೇಂದ್ರದ ಸೂಚನೆ ಒಂದೊಂದು ರೀತಿ ಇರುವುದರಿಂದ ನಿಮ್ಮ ವೈದ್ಯರನ್ನೇ ಕೇಳಿ.

ಜ್ವರ ಬಂದರೆ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಅದು ಇದಾಗಲಿ: ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ಬೆಳಗಾಗುವವರೆಗೆ ಕಾಯಬಾರದು. ಕೂಡಲೇ ಕಸಿ ಕೇಂದ್ರಕ್ಕೆ ಫೋನ್ ಮಾಡಿ ಹೊರಡಿ. ನ್ಯೂಟ್ರೋಫಿಲ್ ಕಡಿಮೆಯಿರುವವರಿಗೆ ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ನಾಳದ ಮೂಲಕ ಆ್ಯಂಟಿಬಯಾಟಿಕ್ ಸೇರಬೇಕೆಂಬುದು ನಿಯಮ. ಜ್ವರ ಅಳೆಯದೆ ಪ್ಯಾರಾಸಿಟಮಾಲ್ ನುಂಗಿಸಿದರೆ ತಾಪ ಇಳಿದು ಸೋಂಕು ಮಾತ್ರ ಒಳಗೇ ಬೆಳೆಯುತ್ತದೆ. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಲ್ಲಿ ಜ್ವರವೇ ಕಾಣಿಸಿಕೊಳ್ಳದಿರಬಹುದು; ಚಳಿ, ಏದುಸಿರು, ಕಾರಣವಿಲ್ಲದ ನಿತ್ರಾಣ ಇದ್ದರೂ ಅದನ್ನು ಜ್ವರದಷ್ಟೇ ಗಂಭೀರವಾಗಿ ಪರಿಗಣಿಸಿ. ಇದೇ ಕಾರಣಕ್ಕೆ ದಾನಿಯ ಕೋಶ ಪಡೆದವರು ಮೊದಲ ನೂರು ದಿನ ಕೇಂದ್ರದ ಸಮೀಪದಲ್ಲೇ ಇರುವುದು ಒಳ್ಳೆಯದು.

ನೂರನೆಯ ದಿನದವರೆಗೆ

ನ್ಯಾಚುರಲ್ ಕಿಲ್ಲರ್ ಎಂಬ ಬಿಳಿ ರಕ್ತಕಣಗಳು ಮೊದಲ ಒಂದೆರಡು ತಿಂಗಳಲ್ಲೇ ಮರಳುತ್ತವೆ, ಆದರೆ ವೈರಸ್ಸುಗಳನ್ನು ಹದ್ದುಬಸ್ತಿನಲ್ಲಿಡುವ ಟಿ ಕಣಗಳು ಇನ್ನೂ ವಿರಳ. ನಮ್ಮ ದೇಶದ ವಯಸ್ಕರಲ್ಲಿ ಬಹುತೇಕರ ದೇಹದಲ್ಲಿ ನಿದ್ರಿಸುತ್ತಿರುವ ಸಿಎಂವಿ ಎಂಬ ವೈರಸ್ ಈ ಸಂದರ್ಭದಲ್ಲಿ ಎಚ್ಚರಗೊಂಡು ಶ್ವಾಸಕೋಶಕ್ಕೂ ಕರುಳಿಗೂ ಹರಡಬಹುದು. ವೈರಸ್ಸಿನ ವಂಶವಾಹಿ ಅಂಶವನ್ನು ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಯಲ್ಲಿ ಅದು ರಕ್ತದಲ್ಲಿ ಹೆಚ್ಚುತ್ತಿರುವುದು ಕಂಡೊಡನೆ, ಲಕ್ಷಣ ಕಾಣಿಸಿಕೊಳ್ಳುವ ಮೊದಲೇ ಗ್ಯಾನ್‌ಸಿಕ್ಲೋವಿರ್ ಅಥವಾ ವ್ಯಾಲ್‌ಗ್ಯಾನ್‌ಸಿಕ್ಲೋವಿರ್ ಆರಂಭಿಸುತ್ತಾರೆ. ಆರಾಮಾಗಿಯೇ ಇದ್ದಾರಲ್ಲ ಎಂದು ವಾರದ ಪರೀಕ್ಷೆಯನ್ನು ತಪ್ಪಿಸಿದರೆ ಈ ಅವಕಾಶವೇ ಕೈತಪ್ಪುತ್ತದೆ.

ದಾನಿಯ ಕಣಗಳು ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ತಿರುಗಿಬೀಳುವ ಜಿವಿಎಚ್‌ಡಿ ಉಂಟಾದರೆ ಎಣಿಕೆಯೆಲ್ಲ ಹಿಂದಕ್ಕೆ ಸರಿಯುತ್ತದೆ. ಆ ಕಾಯಿಲೆಯೂ ಅದಕ್ಕೆ ಕೊಡುವ ಸ್ಟೀರಾಯ್ಡ್ ಕೂಡ ನಿರೋಧಕ ಶಕ್ತಿಯ ಚೇತರಿಕೆಯನ್ನು ತಡೆಯುತ್ತವೆ. ಅಂಥವರಿಗೆ ನೂರು ದಿನವೆಂಬುದು ಗಡಿಯೇ ಅಲ್ಲ.

ನೂರು ದಿನ ಕಳೆದ ಮೇಲೆ

ಹೊಸ ಟಿ ಕಣಗಳು ಪಳಗುವುದು ಎದೆಗೂಡಿನ ಥೈಮಸ್ ಗ್ರಂಥಿಯಲ್ಲಿ. ವಯಸ್ಸಾದಂತೆ ಅದು ಕುಗ್ಗುವುದರಿಂದ ಮಕ್ಕಳು ಬೇಗ, ಐವತ್ತು ದಾಟಿದವರು ನಿಧಾನವಾಗಿ ಚೇತರಿಸಿಕೊಳ್ಳುತ್ತಾರೆ. ಸರ್ಪಸುತ್ತು ಬರದಂತೆ ಅಸೈಕ್ಲೋವಿರ್ ಅನ್ನು ಕನಿಷ್ಠ ಒಂದು ವರ್ಷ, ನ್ಯೂಮೋಸಿಸ್ಟಿಸ್ ಎಂಬ ಶಿಲೀಂಧ್ರದ ವಿರುದ್ಧ ಕೋಟ್ರೈಮಾಕ್ಸಜೋಲ್ ಅನ್ನು ಕನಿಷ್ಠ ಆರು ತಿಂಗಳು, ನಿರೋಧಕ ಶಕ್ತಿ ತಗ್ಗಿಸುವ ಔಷಧ ನಡೆಯುತ್ತಿದ್ದರೆ ಇವೆರಡನ್ನೂ ಇನ್ನೂ ಹೆಚ್ಚು ಕಾಲ ಕೊಡುತ್ತಾರೆ. ವೈದ್ಯರು ಹೇಳದೆ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ. ಎರಡು ವಾರ ಮೀರಿದ ಕೆಮ್ಮಿದ್ದರೆ ಕ್ಷಯದ ಪರೀಕ್ಷೆ ಮಾಡಿಸಿ. ಸೀತಾಳೆ ಸಿಡುಬು ಆದವರ ಹತ್ತಿರ ಹೋಗಿದ್ದು ತಿಳಿದರೆ ಅಂದೇ ಕೇಂದ್ರಕ್ಕೆ ತಿಳಿಸಿ.

ಲಸಿಕೆ ಮತ್ತೆ ಮೊದಲಿಂದ

ಬಾಲ್ಯದಲ್ಲಿ ಹಾಕಿಸಿದ ಲಸಿಕೆಗಳ ರಕ್ಷಣೆ ಕಸಿಯ ನಂತರ ಕ್ರಮೇಣ ಅಳಿಸಿಹೋಗುತ್ತದೆ. ನ್ಯೂಮೋಕಾಕಸ್ ಲಸಿಕೆಯನ್ನು ಮೂರರಿಂದ ಆರು ತಿಂಗಳ ನಡುವೆ, ಫ್ಲೂ ಚುಚ್ಚುಮದ್ದನ್ನು ಆರು ತಿಂಗಳ ಬಳಿಕ, ಗಂಟಲಮಾರಿ, ಧನುರ್ವಾಯು, ನಾಯಿಕೆಮ್ಮು, ಪೋಲಿಯೊ ಚುಚ್ಚುಮದ್ದು, ಹೆಪಟೈಟಿಸ್ ಬಿ ಇವುಗಳನ್ನು ಆರರಿಂದ ಹನ್ನೆರಡು ತಿಂಗಳಿಗೆ ಆರಂಭಿಸುವುದು ರೂಢಿ. ದಡಾರ ಮತ್ತು ಸೀತಾಳೆ ಸಿಡುಬಿನ ಲಸಿಕೆಗಳಲ್ಲಿ ಜೀವಂತ ವೈರಸ್ ಇರುವುದರಿಂದ ಎರಡು ವರ್ಷ ತುಂಬಿ, ಜಿವಿಎಚ್‌ಡಿ ಇಲ್ಲದೆ, ನಿರೋಧಕ ಶಕ್ತಿ ತಗ್ಗಿಸುವ ಔಷಧ ನಿಂತು ಒಂದು ವರ್ಷವಾಗಿರಬೇಕು.

ಮನೆಯ ಇತರರೂ ಪ್ರತಿ ವರ್ಷ ಫ್ಲೂ ಚುಚ್ಚುಮದ್ದು ಹಾಕಿಸಿಕೊಳ್ಳಲಿ. ಪುಟ್ಟ ಮಗುವಿದ್ದರೆ ಪಲ್ಸ್ ಪೋಲಿಯೊ ದಿನ ಬರುವ ಮುಂಚೆಯೇ ಮಕ್ಕಳ ವೈದ್ಯರೊಡನೆ ಮಾತನಾಡಿ, ಬಾಯಿಗೆ ಹಾಕುವ ಹನಿಯ ಬದಲು ಚುಚ್ಚುಮದ್ದು ಕೊಡಿಸಿ, ಏಕೆಂದರೆ ಹನಿಯಲ್ಲಿರುವ ಜೀವಂತ ವೈರಸ್ ಮಗುವಿನ ಮಲದಲ್ಲಿ ಕೆಲವು ವಾರ ಹೊರಬೀಳುತ್ತಿರುತ್ತದೆ. ಗೊತ್ತಿಲ್ಲದೆ ಹನಿ ಹಾಕಿಸಿಬಿಟ್ಟಿದ್ದರೆ ಆ ವಾರಗಳಲ್ಲಿ ಮಗುವಿನ ಡೈಪರ್ ಬದಲಿಸುವುದು, ತೊಳೆಯುವುದು ಬೇರೆಯವರ ಕೆಲಸವಾಗಲಿ. ಅವರು ಪ್ರತಿ ಸಲವೂ ಸೋಪು ಹಚ್ಚಿ ಕೈ ತೊಳೆಯಲಿ, ವಿಷಯವನ್ನು ಕಸಿ ಕೇಂದ್ರಕ್ಕೂ ತಿಳಿಸಿ.