ಎರೆ ನೆಲದ ಅಂಗಳಕ್ಕೆ ಹೂವಿನ ಮರ

ಹದಿನಾರು ವರ್ಷದ ಹಿಂದೆ ಕಲಬುರಗಿಯ ಸೇಡಂ ರಸ್ತೆ ಕಡೆ ಮನೆ ಕಟ್ಟಿಸಿದಾಗ ನಮ್ಮವರು ಗೇಟಿನ ಬದಿಗೆ ಗುಲ್‌ಮೊಹರ್ ಹಚ್ಚಿದರು. ಕಾಂಪೌಂಡಿನಿಂದ ಮೂರೇ ಅಡಿ. ಆರನೇ ವರ್ಷ ಬೇರು ಅಂಗಳದ ಶಾಹಾಬಾದ್ ಫರ್ಸಿಯನ್ನೇ ಎತ್ತಿತು. ಎಂಟನೇ ವರ್ಷ ಮಳೆಗಾಳಿಗೆ ದಪ್ಪ ಟೊಂಗೆ ಮುರಿದು ನನ್ನ ಸ್ಕೂಟರಿನ ಮೇಲೆ ಬಿತ್ತು. ಹೂವಿನ ಬಣ್ಣ ನೋಡಿ ಗಿಡ ತರುವವರಿಗೆ ಅದಕ್ಕೇ ಹೇಳುತ್ತೇನೆ: ನರ್ಸರಿಗೆ ಹೋಗುವ ಮುಂಚೆ ನಿಮ್ಮ ನೆಲ ಅಗೆದು ನೋಡಿರಿ.

ಕಲಬುರಗಿಯಲ್ಲಿ ಒಂದು ಕಡೆ ಆಳುದ್ದ ಎರೆ ಮಣ್ಣು, ಇನ್ನೊಂದು ಕಡೆ ಎರಡಡಿಗೇ ಕಲ್ಲು. ಮೇ ತಿಂಗಳಲ್ಲೇ ಉದ್ದ, ಅಗಲ, ಆಳ ಎರಡೆರಡು ಅಡಿ ಗುಂಡಿ ತೋಡಿ ನೀರು ತುಂಬಿಸಿರಿ. ಬಿರುಕು ಬಿಟ್ಟ ಒಣ ಎರೆ ಮೊದಲ ಸಲ ಎಷ್ಟು ಸುರಿದರೂ ಕುಡಿಯುತ್ತದೆ, ಅದನ್ನು ನಂಬಬೇಡಿರಿ. ಅದು ಇಂಗಿದ ಮೇಲೆ ಎರಡನೇ ಸಲ ತುಂಬಿರಿ. ಮರುದಿನವೂ ನೀರು ನಿಂತಿದ್ದರೆ ಅಲ್ಲಿ ಬೇರು ಕೊಳೆಯುವುದೇ ಸೈ. ಗುಂಡಿ ಮುಚ್ಚಿ, ಮೇಲೆ ಒಂದೂವರೆ ಅಡಿ ದಿಬ್ಬ ಮಾಡಿ ಅದರಲ್ಲಿ ಹಚ್ಚಿರಿ.

30×40 ಸೈಟಿಗೆ ಪಾರಿಜಾತ ಇಲ್ಲವೇ ದೇವಕಣಗಿಲೆ ಸಾಕು. ಗೋಡೆಯಿಂದ ಏಳೆಂಟು ಅಡಿ ದೂರವಿರಲಿ. ದೇವಕಣಗಿಲೆಗೆ ದುಡ್ಡು ಕೊಡಬೇಡಿರಿ. ಯಾರ ಮನೆಯಿಂದಾದರೂ ಮೊಳದುದ್ದ ಟೊಂಗೆ ತಂದು, ಹಾಲು ಆರುವ ತನಕ ವಾರವಿಡೀ ನೆರಳಲ್ಲಿಟ್ಟು ಊರಿದರೆ ಚಿಗುರುತ್ತದೆ. ಜಾಗ ಜಾಸ್ತಿ ಇದ್ದರೆ ಕಕ್ಕೆ, ಗೋಡೆಯಿಂದ ಹನ್ನೆರಡು ಅಡಿಗೆ. ಬಿಸಿಲು ನಲವತ್ತು ಡಿಗ್ರಿ ದಾಟಿದಾಗಲೇ ಅದು ಹಳದಿ ಗೊಂಚಲು ಇಳಿಬಿಡುವುದು. ಆದರೆ ಆಗ ಎಲೆ ಕಡಿಮೆ, ನೆರಳು ಬೀಳದು. ಪಡುವಣ ಬಿಸಿಲು ತಡೆಯಬೇಕಿದ್ದರೆ ಹೊಂಗೆಯೇ ಬೇಕು. ಅದರ ಹೂ ಅಂಗಳದ ತುಂಬ ಚುರುಮುರಿ ಚೆಲ್ಲಿದ ಹಾಗೆ ಬೀಳುತ್ತದೆ. ಆಕಾಶಮಲ್ಲಿಗೆಯ ಘಮ ನನಗೂ ಇಷ್ಟವೇ, ಆದರೆ ಟೊಂಗೆ ಬಲು ಪೆಳಸು, ಬೇರಿನಿಂದ ಮರಿ ಬೇರೆ ಏಳುತ್ತವೆ. ಮನೆ ಹತ್ತಿರ ಬೇಡ.

ನರ್ಸರಿಯಲ್ಲಿ ಎತ್ತರದ ಗಿಡ ಆರಿಸಬೇಡಿರಿ, ಕಾಂಡ ಬೆರಳು ದಪ್ಪ ಇರುವುದನ್ನು ಆರಿಸಿರಿ. ಜೂನಿನಲ್ಲಿ ಮಿರಗದ (ಮೃಗಶಿರಾ) ಮಳೆ ಬಿದ್ದು ನೆಲ ಹದವಾದ ಮೇಲೆ ಹಚ್ಚಿರಿ. ಅಗೆದ ಮಣ್ಣಿಗೆ ಒಂದು ಬುಟ್ಟಿ ತಿಪ್ಪೆಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿದರಾಯಿತು. ಪ್ಲಾಸ್ಟಿಕ್ ಚೀಲ ಹರಿದಾಗ ತಳದಲ್ಲಿ ಬೇರು ಸಿಂಬಿ ಸುತ್ತಿದ್ದರೆ ಕತ್ತರಿಸಿಬಿಡಿರಿ. ಬಿಟ್ಟರೆ ಮುಂದೆ ಅದೇ ಕಾಂಡಕ್ಕೆ ಉರುಳಾಗುತ್ತದೆ. ಚೀಲದಲ್ಲಿ ಮಣ್ಣು ಎಲ್ಲಿಯ ತನಕ ಇತ್ತೋ ಅಲ್ಲಿಯ ತನಕವೇ ಹೂಳಬೇಕು.

ಮೊದಲ ಎರಡು ಬೇಸಿಗೆ ದಾಟಿಸುವುದೇ ಕಷ್ಟ. ದಿನಾ ಒಂದು ತಂಬಿಗೆ ನೀರು ಹಾಕಿದರೆ ಬೇರು ಮೇಲೇ ಉಳಿಯುತ್ತದೆ, ನೆಲ ಬಿರಿದಾಗ ಹರಿದುಹೋಗುತ್ತದೆ. ವಾರಕ್ಕೆರಡು ಸಲ ಎರಡೆರಡು ಕೊಡ ಹಾಕಿ, ಬುಡದ ಸುತ್ತ ನಾಲ್ಕು ಬೆರಳು ದಪ್ಪ ತೊಗರಿ ಹೊಟ್ಟು ಹರಡಿರಿ. ಕಾಂಡದಿಂದ ಗೇಣು ಜಾಗ ಬಿಡಿರಿ, ಇಲ್ಲದಿದ್ದರೆ ಗೆದ್ದಲು ಹತ್ತುತ್ತದೆ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಗೊಬ್ಬರ ಸುರಿಯಬೇಡಿರಿ. ನಮ್ಮ ಮಣ್ಣಿನಲ್ಲಿ ಸುಣ್ಣದಂಶ ಹೆಚ್ಚು, ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಒಂದು ಲೀಟರ್ ನೀರಿಗೆ ಐದು ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಅರ್ಧ ನಿಂಬೆಹಣ್ಣಿನ ರಸ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿರಿ.

ಒಂದು ಮಳೆಗಾಲದಲ್ಲಿ ನಮ್ಮ ಮನೆಯ ಕಕ್ಕೆಯ ಎಲೆಯನ್ನೆಲ್ಲ ಹಸಿರು ಹುಳ ತಿಂದು ಹಾಕಿದ್ದವು. ಪಕ್ಕದ ಮನೆಯವರು, “ಅಕ್ಕೋರೇ, ಔಷಧ ಹೊಡೀರಿ, ಗಿಡ ಹೋಗ್ತದ” ಅಂದರು. ಹೊಡೆಯಲಿಲ್ಲ. ಸ್ವಲ್ಪ ದಿನಕ್ಕೆ ತಿಳಿಹಳದಿ ಚಿಟ್ಟೆಗಳು ಎದ್ದವು, ಗಿಡವೂ ಮತ್ತೆ ಚಿಗುರಿತು.

ಕಕ್ಕೆಯನ್ನು ಸವರುವುದಿದ್ದರೆ ಹೂ ಮುಗಿದ ಕೂಡಲೇ ಸವರಿರಿ. ಚಳಿಗಾಲದಲ್ಲಿ ಕತ್ತರಿ ಆಡಿಸಿದರೆ ಆ ವರ್ಷದ ಹೂ ಹೋದಂತೆ. ನಮ್ಮದು ಏಳನೇ ಬೇಸಿಗೆಗೆ ಮೊದಲ ಗೊಂಚಲು ಬಿಟ್ಟಿತು. ಉದುರಿದ ಹೂ ಗುಡಿಸುವ ಪಾಳಿ ನಮ್ಮವರದು.